ಇಲ್ಲದ ಡಿಸ್ಕಿಗೊಂದು ಅಕ್ಷರ

1980ರ ದಶಕದ ಆರಂಭದಲ್ಲಿ ಹಾರ್ಡ್ ಡಿಸ್ಕ್ ದುಬಾರಿ ಸಾಮಾನು. 1983ರಲ್ಲಿ ಬಂದ ಐಬಿಎಂ ಪಿಸಿ ಎಕ್ಸ್‌ಟಿಯ ಡಿಸ್ಕಿನಲ್ಲಿ ಹಿಡಿಯುತ್ತಿದ್ದುದೇ 10 ಮೆಗಾಬೈಟ್. ಒಂದು ಡಿಸ್ಕನ್ನು ಕಚೇರಿಯ ಹತ್ತಾರು ಯಂತ್ರಗಳಿಗೆ ಹಂಚಬೇಕೆಂಬ ಯೋಚನೆಯ ಹಿಂದೆ ಇದ್ದದ್ದು ಮುಖ್ಯವಾಗಿ ಈ ಖರ್ಚಿನ ಲೆಕ್ಕಾಚಾರ. ಮೊದಮೊದಲ ಡಿಸ್ಕ್ ಸರ್ವರುಗಳು ಡಿಸ್ಕನ್ನು ತುಂಡು ಮಾಡಿ ಯಂತ್ರಕ್ಕೊಂದು ಪಾಲು ಕೊಡುತ್ತಿದ್ದವು. ಒಂದೇ ಪಾಲಿನಲ್ಲಿ ಇಬ್ಬರು ಬರೆಯಹೊರಟರೆ ಕೆಲಸ ಕೆಡುತ್ತಿತ್ತು, ಏಕೆಂದರೆ ಎಲ್ಲಿ ಜಾಗ ಖಾಲಿಯಿದೆ ಎಂಬ ಲೆಕ್ಕವನ್ನು ಎರಡೂ ಯಂತ್ರಗಳು ತಮ್ಮತಮ್ಮಷ್ಟಕ್ಕೆ ಇಟ್ಟುಕೊಂಡಿರುತ್ತಿದ್ದವು. ಅಮೆರಿಕದ ಯೂಟಾ ರಾಜ್ಯದ ನೋವೆಲ್ ಕಂಪನಿ ತನ್ನ ನೆಟ್‌ವೇರ್ ತಂತ್ರಾಂಶದಲ್ಲಿ ಈ ಲೆಕ್ಕವನ್ನು ಪೂರ್ತಿಯಾಗಿ ಸರ್ವರಿನ ಕೈಗೆ ಕೊಟ್ಟಿತು. ಮೇಜಿನ ಮೇಲಿನ ಯಂತ್ರ ಡಿಸ್ಕಿನ ತುಣುಕನ್ನು ಕೇಳುವುದು ನಿಂತು, ಹೆಸರು ಹೇಳಿ ಫೈಲನ್ನು ಕೇಳತೊಡಗಿತು. ಯಾರು ಏನನ್ನು ಮುಟ್ಟಬಹುದು ಎಂದು ನಡುವೆ ನಿಂತು ವಿಚಾರಿಸುವವನೊಬ್ಬ ಆಗಲೇ ಹುಟ್ಟಿದ.

ಆದರೆ ಆ ಕಾಲದ ಪ್ರೋಗ್ರಾಮುಗಳಿಗೆ ನೆಟ್‌ವರ್ಕ್ ಎಂದರೇನೆಂದೇ ಗೊತ್ತಿರಲಿಲ್ಲ. ಸಿಪಿ/ಎಂ ಎಂಬ ಕಾರ್ಯಾಚರಣಾ ವ್ಯವಸ್ಥೆ ಬಳಕೆಗೆ ತಂದು, ಪಿಸಿಗಳ ಡಾಸ್ ಮುಂದುವರಿಸಿದ ಎ, ಬಿ, ಸಿ ಅಕ್ಷರಗಳಷ್ಟೇ ಅವುಗಳ ಪ್ರಪಂಚ. ಹಾಗಾಗಿ ದೂರದ ಫೋಲ್ಡರಿಗೂ ಒಂದು ಅಕ್ಷರ ತೊಡಿಸಿ, ಇದೂ ನಿನ್ನದೇ ಡಿಸ್ಕ್ ಎಂದು ಪ್ರೋಗ್ರಾಮನ್ನು ನಂಬಿಸಬೇಕಾಯಿತು. ಡಾಸ್ ಸಾಮಾನ್ಯವಾಗಿ ಇ ತನಕದ ಅಕ್ಷರಗಳನ್ನು ತನಗೆ ಕಾದಿರಿಸಿಕೊಳ್ಳುತ್ತಿದ್ದುದರಿಂದ ನೆಟ್‌ವೇರ್‌ಗೆ ದಕ್ಕಿದ ಮೊದಲ ಅಕ್ಷರ ಎಫ್. ಎಷ್ಟೋ ಕಚೇರಿಗಳಲ್ಲಿ ಎಫ್ ಡ್ರೈವ್ ಎಂದರೆ ಸರ್ವರ್ ಎಂಬ ರೂಢಿ ಬೇರೂರಿದ್ದು ಹೀಗೆ. ಐಬಿಎಂನ ಬ್ಯಾರಿ ಫೈಗನ್‌ಬಾಮ್ ರೂಪಿಸಿದ, ಫೈಲು ಹಂಚಿಕೆಯ ಎಸ್‌ಎಂಬಿ ನಿಯಮಾವಳಿ ಹಿಡಿದದ್ದೂ ಇದೇ ದಾರಿ. ಈ ಏರ್ಪಾಟಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ನೆಟ್‌ವೇರ್‌ನ ಲಾಗಿನ್ ಸ್ಕ್ರಿಪ್ಟ್. ನೌಕರ ಹೆಸರು, ಪಾಸ್‌ವರ್ಡ್ ಕೊಟ್ಟೊಡನೆ ಅದು ಓಡುತ್ತಿತ್ತು. ಈತ ಲೆಕ್ಕಪತ್ರದ ಗುಂಪಿನವನೋ ಮಾರಾಟದವನೋ ನೋಡಿ ತಕ್ಕ ಡ್ರೈವುಗಳನ್ನು ಜೋಡಿಸಿಕೊಡುತ್ತಿತ್ತು. ಯಾವ ಯಂತ್ರದ ಮುಂದೆ ಕೂತರೂ ಅದೇ ಅಕ್ಷರಗಳು. ನೌಕರ ಕಲಿಯಬೇಕಾದದ್ದು ಹೆಚ್ಚೇನೂ ಇರಲಿಲ್ಲ, ಮರೆಯಬಹುದಾದದ್ದೂ ಇರಲಿಲ್ಲ.

ಇಷ್ಟು ಸಲೀಸು ಮಾಡಿದರೆ ಭದ್ರತೆ ಸಡಿಲವಾಗದೇ ಇರುತ್ತದೆಯೇ ಎಂಬ ಆಕ್ಷೇಪ ಹಳೆಯದು. ಇತಿಹಾಸ ಅದನ್ನು ಸಮರ್ಥಿಸುವುದಿಲ್ಲ ಎಂಬುದು ನನ್ನ ವಾದ. ಮನೆಯ ವಿಳಾಸ ಬೇರೆ, ಬೀಗದ ಕೈ ಬೇರೆ: ನೆಟ್‌ವೇರ್ ಇವೆರಡನ್ನೂ ಬೇರೆಬೇರೆ ಇಟ್ಟಿತ್ತು. ಡ್ರೈವಿನ ಅಕ್ಷರ ಬರಿಯ ದಾರಿ. ಓದುವ, ಬರೆಯುವ, ಅಳಿಸುವ ಹಕ್ಕುಗಳನ್ನು ಸರ್ವರ್ ಪ್ರತಿ ಫೋಲ್ಡರಿಗೂ ವ್ಯಕ್ತಿ ಮತ್ತು ಗುಂಪಿನ ಲೆಕ್ಕದಲ್ಲಿ ಬೇರೆಯಾಗಿ ಬರೆದಿಡುತ್ತಿತ್ತು. ಇದರ ಎದುರು 1992ರ ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್ ಇಟ್ಟು ನೋಡಿ. ಅಲ್ಲಿ ಸರ್ವರಿನ ಹಂಗಿಲ್ಲ. ಯಾರು ಬೇಕಾದರೂ ತಮ್ಮ ಫೋಲ್ಡರ್ ತೆರೆದು ಅದಕ್ಕೊಂದು ಪಾಸ್‌ವರ್ಡ್ ಇಡಬಹುದಿತ್ತು. ಗೊತ್ತಿದ್ದವರೆಲ್ಲ ಒಳಗೆ ಬರಬಹುದಾದ್ದರಿಂದ ಬಂದವರು ಯಾರೆಂದು ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಕೆಲಸ ಬಿಟ್ಟು ಹೋದವನನ್ನು ಹೊರಗಿಡಬೇಕಾದರೆ ಪಾಸ್‌ವರ್ಡ್ ಬದಲಿಸಿ ಉಳಿದವರಿಗೆಲ್ಲ ಮತ್ತೆ ತಿಳಿಸಬೇಕು. ವಿಂಡೋಸ್ 95, 98ರಲ್ಲೂ ಮುಂದುವರಿದ ಈ ಪದ್ಧತಿಯಲ್ಲಿ 2000ನೇ ಇಸವಿಯಲ್ಲಿ ಒಂದು ಲೋಪ ಬಯಲಾಯಿತು: ಪಾಸ್‌ವರ್ಡಿನ ಮೊದಲ ಅಕ್ಷರವನ್ನಷ್ಟೇ ಕಳಿಸಿದರೂ ಬಾಗಿಲು ತೆರೆಯುವಂತೆ ಮಾಡಲು ಸಾಧ್ಯವಿತ್ತು. ನೌಕರನಿಗೆ ಹೆಚ್ಚು ತಾಪತ್ರಯ ಕೊಟ್ಟ ವ್ಯವಸ್ಥೆಯೇ ಹೆಚ್ಚು ಬಯಲೂ ಆಗಿತ್ತು.

ಇನ್ನೊಂದು ಆಕ್ಷೇಪಕ್ಕೆ ತೂಕ ಜಾಸ್ತಿ. 2013ರ ಕ್ರಿಪ್ಟೋಲಾಕರ್ ಎಂಬ ಕುತಂತ್ರಾಂಶ ಒಬ್ಬ ನೌಕರನ ಯಂತ್ರ ಹೊಕ್ಕರೆ ಅಲ್ಲಿಗೆ ಜೋಡಿಸಿದ್ದ ನೆಟ್‌ವರ್ಕ್ ಡ್ರೈವಿನ ಫೈಲುಗಳನ್ನೂ ಗೂಢಲಿಪಿಯಲ್ಲಿ ಮುಚ್ಚಿಹಾಕಿ ಹಣ ಕೇಳುತ್ತಿತ್ತು. ಅಕ್ಷರ ಇಲ್ಲದಿದ್ದರೆ ಅದಕ್ಕೆ ದಾರಿಯೇ ಕಾಣುತ್ತಿರಲಿಲ್ಲವಲ್ಲ ಎಂದು ಕೇಳಬಹುದು. ಹಲವರು ಆಗ ಡ್ರೈವಿನ ಅಕ್ಷರ ತೆಗೆಯುವುದನ್ನೇ ಮದ್ದೆಂದು ಬಗೆದದ್ದೂ ಉಂಟು. 2016ರಲ್ಲಿ ಬಂದ ಲಾಕಿ ಎಂಬ ಅಂಥದೇ ಕುತಂತ್ರಾಂಶ ಆ ಮದ್ದನ್ನು ನಿಷ್ಪ್ರಯೋಜಕ ಮಾಡಿತು. ಅಕ್ಷರ ಕೊಡದ ಹಂಚಿಕೆಯ ಫೋಲ್ಡರುಗಳನ್ನೂ ಅದು ಹುಡುಕಿ ತಲುಪುತ್ತಿತ್ತು. ಎರಡೂ ಕೆಡಿಸಿದ್ದು ಆ ನೌಕರನಿಗೆ ಬರೆಯುವ ಹಕ್ಕಿದ್ದ ಜಾಗವನ್ನು. ಓದಿದರೆ ಸಾಕಾಗಿದ್ದವನಿಗೆ ಬರೆಯುವ ಹಕ್ಕನ್ನೂ ಕೊಟ್ಟು ಕೂತ ಸೋಮಾರಿತನಕ್ಕೆ ಅಕ್ಷರವನ್ನು ದೂರಿ ಫಲವಿಲ್ಲ.

ಅಕ್ಷರದ ನಿಜವಾದ ದೋಷ ಬೇರೆ ಕಡೆ ಇದೆ. ಅದು ಹೆಸರಲ್ಲ, ಸಾಲಕ್ಕೆ ತಂದ ಗುರುತು. ಒಂದು ವಿಭಾಗದ ಎಸ್ ಇನ್ನೊಂದು ವಿಭಾಗದಲ್ಲಿ ಬೇರೇನೋ ಆಗಿರಬಹುದು. ಎಸ್ ಡ್ರೈವಿನಲ್ಲಿದೆ ನೋಡಿ ಎಂದು ಬರೆದ ಪತ್ರ ಅಲ್ಲಿ ದಾರಿ ತಪ್ಪಿಸುತ್ತದೆ. ಯೂನಿಕ್ಸ್ ಲೋಕಕ್ಕೆ ಈ ಅಕ್ಷರಗಳ ಹಂಗು ಇರಲಿಲ್ಲ. 1984ರಲ್ಲಿ ಸನ್ ಕಂಪನಿ ತಂದ ಎನ್‌ಎಫ್‌ಎಸ್ ದೂರದ ಫೋಲ್ಡರನ್ನು ಒಂದೇ ಮರದ ಕೊಂಬೆಯಾಗಿ ಕೂಡಿಸುತ್ತಿತ್ತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಂಡ್ರ್ಯೂ ವ್ಯವಸ್ಥೆ ಇನ್ನೂ ಮುಂದೆ ಹೋಗಿ, ಎಲ್ಲ ಯಂತ್ರಗಳಿಗೂ ಒಂದೇ ಹೆಸರಿನ ದಾರಿ ಕೊಟ್ಟಿತು. ಮೈಕ್ರೋಸಾಫ್ಟ್ ಕೂಡ ಮುಂದೆ ಡಿಎಫ್‌ಎಸ್ ತಂದು, ಸರ್ವರ್ ಬದಲಾದರೂ ಬದಲಾಗದ ಹೆಸರನ್ನು ಸಾಧ್ಯವಾಗಿಸಿತು. ಆದರೂ ಅಕ್ಷರ ಹೋಗಲಿಲ್ಲ. ಡಿಎಫ್‌ಎಸ್ ಇದ್ದ ಕಚೇರಿಗಳಲ್ಲೂ ಆ ಉದ್ದ ಹೆಸರಿನ ಮುಂದೆ ಒಂದು ಅಕ್ಷರ ಕೂರಿಸಿಯೇ ನೌಕರರಿಗೆ ಕೊಡುವುದು ವಾಡಿಕೆಯಾಯಿತು. ಕಂಪನಿಗಳಿಗೆಂದು 2017ರಲ್ಲಿ ಗೂಗಲ್ ಬಿಟ್ಟ ಡ್ರೈವ್ ತಂತ್ರಾಂಶವಂತೂ ವಿಂಡೋಸ್ ಯಂತ್ರದಲ್ಲಿ ತಾನಾಗಿ ಜಿ ಎಂಬ ಅಕ್ಷರ ಹಿಡಿದು ಕೂತಿತು.