ಕಪ್ಪು ಕೋಳಿ ತಳಿಗಳ ಮರಿ ಗುರುತಿಸುವಿಕೆ

ಕಪ್ಪು ಕೋಳಿ ತಳಿಗಳ ಮರಿ ಗುರುತಿಸುವಿಕೆ ಎಂದರೆ ಮೊಟ್ಟೆಯೊಡೆದು ಬಂದ ಮೊದಲ ದಿನಗಳಲ್ಲಿ ಒಂದರಂತೆ ಒಂದು ಕಾಣುವ ಕಪ್ಪು ಬಣ್ಣದ ಕೋಳಿಮರಿಗಳ ತಳಿಯನ್ನು ಅವುಗಳ ದೈಹಿಕ ಲಕ್ಷಣಗಳಿಂದ ನಿರ್ಧರಿಸುವ ಕ್ರಮ. ಆಸ್ಟ್ರಲಾರ್ಪ್, ಕಪ್ಪು ಆರ್ಪಿಂಗ್‌ಟನ್, ಜರ್ಸಿ ಜೈಂಟ್, ಜಾವಾ, ಲ್ಯಾಂಗ್‌ಶಾನ್ ಮುಂತಾದವು ಬೆಳೆದ ಮೇಲೆ ಗಾತ್ರ, ನಿಲುವು ಮತ್ತು ಬಾಲದ ಆಕಾರದಲ್ಲಿ ಸಾಕಷ್ಟು ಭಿನ್ನವಾಗಿರುತ್ತವೆ. ಆದರೆ ಮರಿಗಳಾಗಿದ್ದಾಗ ಈ ವ್ಯತ್ಯಾಸಗಳು ಬಹುಮಟ್ಟಿಗೆ ಮರೆಯಾಗಿರುತ್ತವೆ. ಕೋಳಿಮರಿಗಳ ಮಾರಾಟ ಹೆಚ್ಚಾಗಿ ನಡೆಯುವುದು ಈ ವಯಸ್ಸಿನಲ್ಲೇ ಆದುದರಿಂದ ತಪ್ಪು ತಳಿಯ ಅಥವಾ ಮಿಶ್ರತಳಿಯ ಮರಿಗಳು ಶುದ್ಧ ತಳಿಯ ಬೆಲೆಗೆ ಮಾರಾಟವಾಗುವ ಸಾಧ್ಯತೆ ಇರುತ್ತದೆ. ಭಾರತದಲ್ಲಿ ಈ ಪ್ರಶ್ನೆ ಮುಖ್ಯವಾಗಿ ಕಡಕ್‌ನಾಥ್ ತಳಿಗೆ ಸಂಬಂಧಿಸಿದ್ದಾಗಿದೆ.

ಮರಿಗಳ ತುಪ್ಪುಳದ ಬಣ್ಣ

ಹೆಚ್ಚಿನ ಕಪ್ಪು ತಳಿಗಳ ಬಣ್ಣಕ್ಕೆ ‘ವಿಸ್ತೃತ ಕಪ್ಪು’ ಎಂದು ಕರೆಯಲಾಗುವ ಒಂದೇ ವಂಶವಾಹಿ ರೂಪ ಕಾರಣ. ಇದನ್ನು ಹೊಂದಿದ ಮರಿಗಳು ಅಪ್ಪಟ ಕಪ್ಪಾಗಿರುವುದಿಲ್ಲ. ಬೆನ್ನು ಮತ್ತು ನೆತ್ತಿ ಕಪ್ಪಾಗಿದ್ದು, ಹೊಟ್ಟೆ, ಗಂಟಲು ಹಾಗೂ ರೆಕ್ಕೆಯ ತುದಿಗಳು ಬಿಳಿ ಅಥವಾ ತಿಳಿಹಳದಿಯಾಗಿರುತ್ತವೆ. ನೋಟಕ್ಕೆ ಪೆಂಗ್ವಿನ್ ಹಕ್ಕಿಯ ನೆನಪು ತರುತ್ತವೆ. ಮೇಲೆ ಹೇಳಿದ ಐದೂ ತಳಿಗಳ ಮರಿಗಳು ಹೀಗೆಯೇ ಇರುವುದರಿಂದ ತುಪ್ಪುಳದ ಬಣ್ಣವನ್ನು ಮಾತ್ರ ನಂಬಿ ತಳಿ ಹೇಳುವುದು ಸಾಧ್ಯವಿಲ್ಲ. ಮೊದಲ ಗರಿಗಳು ಮೂಡಿದಾಗಲೂ ರೆಕ್ಕೆಯ ತುದಿಯಲ್ಲಿ ಕೆಲವು ಬಿಳಿ ಗರಿಗಳು ಉಳಿಯಬಹುದು. ಇದನ್ನು ಬೆರಕೆಯ ಚಿಹ್ನೆಯೆಂದು ತಪ್ಪಾಗಿ ತಿಳಿದು ಒಳ್ಳೆಯ ಮರಿಗಳನ್ನು ಕೈಬಿಡುವುದುಂಟು. ವಾಸ್ತವದಲ್ಲಿ ಈ ಬಿಳಿ ಗರಿಗಳು ಸಾಮಾನ್ಯವಾಗಿ ಮುಂದಿನ ಗರಿ ಉದುರುವಿಕೆಯಲ್ಲಿ ಹೋಗಿ, ಆ ಜಾಗದಲ್ಲಿ ಕಪ್ಪು ಗರಿ ಬರುತ್ತದೆ.

ಅಂಗಾಲಿನ ಬಣ್ಣ

ಮರಿಯ ವಯಸ್ಸಿನಲ್ಲಿ ದೊರೆಯುವ ಗುರುತುಗಳಲ್ಲಿ ಹೆಚ್ಚು ಉಪಯುಕ್ತವಾದುದು ಅಂಗಾಲು. ಕಾಲಿನ ಮೇಲ್ಭಾಗ ಎಲ್ಲ ಕಪ್ಪು ತಳಿಗಳಲ್ಲೂ ಕಡುಬೂದು ಅಥವಾ ಕಪ್ಪಾಗಿರುವುದರಿಂದ ಅದು ನೆರವಿಗೆ ಬಾರದು. ಮರಿಯನ್ನು ಕೈಯಲ್ಲಿ ತಿರುಗಿಸಿ ಅಂಗಾಲನ್ನೇ ನೋಡಬೇಕು. ಆಸ್ಟ್ರಲಾರ್ಪ್, ಆರ್ಪಿಂಗ್‌ಟನ್ ಮತ್ತು ಲ್ಯಾಂಗ್‌ಶಾನ್‌ಗಳ ಅಂಗಾಲು ಬಿಳಿ ಅಥವಾ ನಸುಗೆಂಪು. ಜರ್ಸಿ ಜೈಂಟ್ ಮತ್ತು ಜಾವಾಗಳದ್ದು ಹಳದಿ.

ಈ ಭೇದದ ಹಿಂದೆ ತಳಿಗಳ ಇತಿಹಾಸವಿದೆ. ವಿಲಿಯಂ ಕುಕ್ ಎಂಬಾತ 1886ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಕಪ್ಪು ಆರ್ಪಿಂಗ್‌ಟನ್ ತಳಿಯನ್ನು ರೂಪಿಸಿದಾಗ ಮಿನೋರ್ಕಾ, ಲ್ಯಾಂಗ್‌ಶಾನ್ ಮತ್ತು ಪ್ಲಿಮತ್ ರಾಕ್ ಕೋಳಿಗಳನ್ನು ಬಳಸಿದನು. ಇವುಗಳಲ್ಲಿ ಮೊದಲ ಎರಡು ಬಿಳಿ ಚರ್ಮದವು. ಬಿಳಿ ಚರ್ಮ ಹಳದಿಯೆದುರು ಪ್ರಬಲ ಗುಣ. ಇದೇ ಆರ್ಪಿಂಗ್‌ಟನ್ ಆಸ್ಟ್ರೇಲಿಯಾಕ್ಕೆ ಹೋಗಿ, ಅಲ್ಲಿ ಮೊಟ್ಟೆಗಾಗಿ ಆಯ್ಕೆಗೊಂಡು ಆಸ್ಟ್ರಲಾರ್ಪ್ ಆಯಿತು. ಜರ್ಸಿ ಜೈಂಟ್ ಅಮೆರಿಕದ ನ್ಯೂ ಜರ್ಸಿ ರಾಜ್ಯದಲ್ಲಿ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಜಾನ್ ಮತ್ತು ಥಾಮಸ್ ಬ್ಲ್ಯಾಕ್ ಸೋದರರು ಜಾವಾ, ಬ್ರಹ್ಮಾ, ಲ್ಯಾಂಗ್‌ಶಾನ್ ಕೋಳಿಗಳಿಂದ ಬೆಳೆಸಿದ ಭಾರೀ ತಳಿ. ಅದರ ಹುಂಜ ಸುಮಾರು 5.9 ಕಿಲೋಗ್ರಾಂ ತೂಗುತ್ತದೆ.

ಹಳದಿ ಚರ್ಮದ ಗುಣ ಸಾಕುಕೋಳಿಗೆ ಬಂದುದು ಅದರ ಮುಖ್ಯ ಪೂರ್ವಜವಾದ ಕೆಂಪು ಕಾಡುಕೋಳಿಯಿಂದಲ್ಲ, ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಎಂಬುದನ್ನು 2008ರಲ್ಲಿ ಪ್ರಕಟವಾದ ತಳಿವಿಜ್ಞಾನದ ಅಧ್ಯಯನವೊಂದು ತೋರಿಸಿತು. ಕರ್ನಾಟಕದ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಇಂದಿಗೂ ಕೂಗುವ ಈ ಹಕ್ಕಿಯ ಅಂಶ ನ್ಯೂ ಜರ್ಸಿಯ ಕೋಳಿಯ ಅಂಗಾಲಿನಲ್ಲಿ ಉಳಿದಿದೆ ಎನ್ನಬಹುದು.

ಹಳದಿ ಬಣ್ಣ ಆಹಾರದಲ್ಲಿನ ವರ್ಣದ್ರವ್ಯದಿಂದ ಕೂಡಿಬರುವಂಥದು. ಆದ್ದರಿಂದ ಮೊದಲ ದಿನಗಳಲ್ಲಿ ಛಾಯೆ ಮಸುಕಾಗಿದ್ದು, ಮೆಕ್ಕೆಜೋಳ, ಹಸಿರು ಸೊಪ್ಪು ತಿಂದ ಕೆಲವು ವಾರಗಳ ನಂತರ ಸ್ಪಷ್ಟವಾಗುತ್ತದೆ. ಜರ್ಸಿ ಜೈಂಟ್ ಮತ್ತು ಜಾವಾ ಮರಿಗಳನ್ನು ಪರಸ್ಪರ ಬೇರ್ಪಡಿಸಲು ಅಂಗಾಲು ಸಾಲದು. ಬೆಳೆದು ಗಾತ್ರ ಬರುವವರೆಗೆ ಕಾಯಬೇಕಾಗುತ್ತದೆ.

ಕಾಲ್ಗರಿ, ಬೆರಳು ಮತ್ತು ಜುಟ್ಟು

ಬಿಳಿ ಅಂಗಾಲಿನ ಗುಂಪಿನಲ್ಲಿ ಲ್ಯಾಂಗ್‌ಶಾನ್ ಸುಲಭವಾಗಿ ಬೇರೆಯಾಗುತ್ತದೆ. 1872ರಲ್ಲಿ ಮೇಜರ್ ಕ್ರೋಡ್ ಚೀನಾದಿಂದ ಇಂಗ್ಲೆಂಡಿಗೆ ತರಿಸಿಕೊಂಡ ಈ ತಳಿಯ ಕಾಲಿನ ಹೊರಬದಿಯಲ್ಲಿ ಗರಿಗಳಿರುತ್ತವೆ. ಮರಿಯ ಕಾಲಿನಲ್ಲಿ ಅದೇ ಜಾಗದಲ್ಲಿ ತುಪ್ಪುಳ ಕಾಣುತ್ತದೆ. ಕಪ್ಪು ಸಿಲ್ಕಿ ಮರಿಗೆ ಪ್ರತಿ ಪಾದದಲ್ಲೂ ಐದು ಬೆರಳು. ಆಸ್ಟ್ರಲಾರ್ಪ್ ಮತ್ತು ಕಪ್ಪು ಆರ್ಪಿಂಗ್‌ಟನ್ ಮಾತ್ರ ಒಂದೇ ಮೂಲದವಾದ ಕಾರಣ ಮರಿಗಳಾಗಿದ್ದಾಗ ನಿಶ್ಚಿತವಾಗಿ ಬೇರ್ಪಡಿಸಲಾಗದವು. ಆರ್ಪಿಂಗ್‌ಟನ್‌ನ ಸಡಿಲವಾದ ದಟ್ಟ ಗರಿ ಮೂಡಿದ ಮೇಲಷ್ಟೇ ವ್ಯತ್ಯಾಸ ತಿಳಿಯುತ್ತದೆ.

ನೆತ್ತಿಯ ಚುಕ್ಕೆ

ಪಟ್ಟೆ ಗರಿಯ ಪ್ಲಿಮತ್ ರಾಕ್ ಮತ್ತು ಡೊಮಿನಿಕ್ ಕೋಳಿಗಳು ಬೆಳೆದಾಗ ಕಪ್ಪಲ್ಲದಿದ್ದರೂ ಅವುಗಳ ಮರಿಗಳು ಕಪ್ಪಾಗಿಯೇ ಹುಟ್ಟುತ್ತವೆ. ನೆತ್ತಿಯ ಮೇಲಿನ ಬಿಳಿ ಚುಕ್ಕೆ ಇವುಗಳ ಗುರುತು. ಪಟ್ಟೆಯ ವಂಶವಾಹಿ ಲಿಂಗ ವರ್ಣತಂತುವಿನ ಮೇಲಿದ್ದು, ಹುಂಜಕ್ಕೆ ಎರಡು ಪ್ರತಿ, ಹೇಂಟೆಗೆ ಒಂದೇ ಪ್ರತಿ ದೊರೆಯುತ್ತದೆ. ಹೀಗಾಗಿ ಗಂಡು ಮರಿಯ ಚುಕ್ಕೆ ದೊಡ್ಡದಾಗಿ ಚದುರಿದಂತಿದ್ದರೆ ಹೆಣ್ಣಿನದು ಚಿಕ್ಕದಾಗಿ ಸ್ಪಷ್ಟವಾಗಿರುತ್ತದೆ. ಡೊಮಿನಿಕ್‌ಗೆ ಗುಲಾಬಿ ಜುಟ್ಟು, ಪ್ಲಿಮತ್ ರಾಕ್‌ಗೆ ಒಂಟಿ ಜುಟ್ಟು.

ರೋಡ್ ಐಲೆಂಡ್ ರೆಡ್ ಹುಂಜವನ್ನು ಪಟ್ಟೆಯ ಪ್ಲಿಮತ್ ರಾಕ್ ಹೇಂಟೆಗೆ ಕೂಡಿಸಿದರೆ ಗಂಡು ಮರಿಗಳಿಗೆ ಮಾತ್ರ ಚುಕ್ಕೆ ಬರುತ್ತದೆ. ಚುಕ್ಕೆಯಿಲ್ಲದ ಹೆಣ್ಣು ಮರಿಗಳು ಆಸ್ಟ್ರಲಾರ್ಪ್ ಎಂದು ತಪ್ಪು ತಿಳಿಯಲು ತಕ್ಕ ರೂಪದಲ್ಲಿರುತ್ತವೆ. ಬೆಳೆದಂತೆ ಕತ್ತು ಮತ್ತು ಎದೆಯಲ್ಲಿ ಕಾಣುವ ಕೆಂಪು ಹೊಂಬಣ್ಣದ ಗರಿಗಳು ಬೆರಕೆಯನ್ನು ಬಯಲು ಮಾಡುತ್ತವೆ.

ಕಪ್ಪು ಮಾಂಸದ ತಳಿಗಳು

ಕಡಕ್‌ನಾಥ್, ಇಂಡೋನೇಷ್ಯಾದ ಅಯಮ್ ಚೆಮಾನಿ, ಸ್ವೀಡನ್ನಿನ ಸ್ವಾರ್ತ್‌ಹೊನಾ ಮತ್ತು ಸಿಲ್ಕಿ ಬೇರೊಂದು ಗುಂಪಿಗೆ ಸೇರಿದವು. ಇವುಗಳಲ್ಲಿ ಗರಿ ಮಾತ್ರವಲ್ಲದೆ ಚರ್ಮ, ಮೂಳೆಯ ಹೊದಿಕೆ ಮತ್ತು ಒಳ ಅಂಗಗಳೂ ಕಪ್ಪು. ಇಪ್ಪತ್ತನೆಯ ವರ್ಣತಂತುವಿನ ಒಂದು ಭಾಗ ಇಮ್ಮಡಿಯಾಗಿ ಮರುಜೋಡಣೆಗೊಂಡುದು ಇದಕ್ಕೆ ಕಾರಣ. ಆಸ್ಟ್ರಲಾರ್ಪ್ ಗುಂಪಿನಿಂದ ಇವನ್ನು ಬೇರ್ಪಡಿಸುವುದು ಕಷ್ಟವಲ್ಲ: ಮರಿಯ ಚರ್ಮ, ಕೊಕ್ಕು, ಅಂಗಾಲು ಎಲ್ಲವೂ ಕಪ್ಪು ಛಾಯೆಯವು.

ಮಧ್ಯಪ್ರದೇಶದ ಝಾಬುವಾ ಮತ್ತು ಅಲಿರಾಜ್‌ಪುರ ಜಿಲ್ಲೆಗಳ ಭಿಲ್ ಮತ್ತು ಭಿಲಾಲಾ ಸಮುದಾಯಗಳು ಸಾಕಿಕೊಂಡು ಬಂದ ಕಡಕ್‌ನಾಥ್ ತಳಿಯ ಒಂದು ದಿನದ ಮರಿ ನೀಲಿಗಪ್ಪು ಬಣ್ಣದ್ದಾಗಿದ್ದು, ಬೆನ್ನಿನ ಮೇಲೆ ಕ್ರಮವಿಲ್ಲದ ಗಾಢ ಪಟ್ಟೆಗಳಿರುತ್ತವೆ. ಬೆಳೆದ ಹಕ್ಕಿಯ ಜುಟ್ಟು ಮತ್ತು ನಾಲಿಗೆ ನೇರಳೆ ಛಾಯೆಯವು. ಹುಂಜ ಸುಮಾರು 1.8ರಿಂದ 2 ಕಿಲೋಗ್ರಾಂ ತೂಗುತ್ತದೆ. ಝಾಬುವಾದ ಕಡಕ್‌ನಾಥ್ ಕೋಳಿಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ದೊರೆಯಿತು. ಕರ್ನಾಟಕವೂ ಸೇರಿದಂತೆ ಇತರ ರಾಜ್ಯಗಳಲ್ಲಿಯೂ ಇದನ್ನು ಸಾಕಲಾಗುತ್ತಿದೆ.

ಬೆರಕೆ ಮರಿಗಳ ಸಮಸ್ಯೆ

ಕಪ್ಪು ಚರ್ಮ ಪ್ರಬಲ ಗುಣವಾದರೂ ಅದನ್ನು ತಡೆಹಿಡಿಯುವ ಇನ್ನೊಂದು ವಂಶವಾಹಿ ಲಿಂಗ ವರ್ಣತಂತುವಿನಲ್ಲಿದೆ. ಬೇಟ್ಸನ್ ಮತ್ತು ಪನ್ನೆಟ್ ಎಂಬ ಬ್ರಿಟಿಷ್ ವಿಜ್ಞಾನಿಗಳು 1911ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದು ಕಂಡುಬಂತು. ಸಿಲ್ಕಿ ಹೇಂಟೆಯನ್ನು ಕಂದು ಲೆಗ್‌ಹಾರ್ನ್ ಹುಂಜಕ್ಕೆ ಕೂಡಿಸಿದಾಗ ಎಲ್ಲ ಮರಿಗಳಲ್ಲೂ ಕಪ್ಪು ಅಲ್ಪ ಪ್ರಮಾಣದಲ್ಲಿತ್ತು. ಸಿಲ್ಕಿ ಹುಂಜವನ್ನು ಲೆಗ್‌ಹಾರ್ನ್ ಹೇಂಟೆಗೆ ಕೂಡಿಸಿದಾಗ ಗಂಡುಗಳು ತಿಳಿಯಾಗಿದ್ದು, ಹೆಣ್ಣುಗಳೆಲ್ಲ ಗಾಢ ಕಪ್ಪಾದವು.

ಕಡಕ್‌ನಾಥ್ ವಿಷಯದಲ್ಲಿಯೂ ಇದೇ ತತ್ತ್ವ ಅನ್ವಯಿಸುತ್ತದೆ. ಕಡಕ್‌ನಾಥ್ ಹುಂಜ ಮತ್ತು ಹಳದಿ ಅಥವಾ ಬಿಳಿ ಕಾಲಿನ ಊರಕೋಳಿಗೆ ಹುಟ್ಟಿದ ಹೆಣ್ಣು ಮರಿ ಚರ್ಮದ ಬಣ್ಣದಲ್ಲಿ ಶುದ್ಧ ತಳಿಯದನ್ನು ಹೋಲಬಲ್ಲದು. ಊರಕೋಳಿಯ ಕಾಲೇ ಕಡುಬೂದಾಗಿದ್ದರೆ ಗಂಡು ಮರಿಗಳೂ ಕಪ್ಪಾಗಬಹುದು. ಆದ್ದರಿಂದ ಕೊಳ್ಳುವವರು ಕಪ್ಪು ಚರ್ಮವನ್ನೇ ಶುದ್ಧತೆಯ ಪುರಾವೆಯೆಂದು ಸ್ವೀಕರಿಸುವುದು ಸರಿಯಲ್ಲ; ತಂದೆ ತಾಯಿ ಕೋಳಿಗಳೆರಡನ್ನೂ ನೋಡುವುದು ಹೆಚ್ಚು ವಿಶ್ವಾಸಾರ್ಹ ಮಾರ್ಗ. ಇಂತಹ ಬೆರಕೆ ಹೇಂಟೆಯಲ್ಲಿ ಕಪ್ಪು ಚರ್ಮದ ವಂಶವಾಹಿಯ ಒಂದೇ ಪ್ರತಿ ಇರುತ್ತದೆ. ಸಾಮಾನ್ಯ ಹುಂಜದೊಡನೆ ಕೂಡಿಸಿದಾಗ ಅದರ ಸುಮಾರು ಅರ್ಧದಷ್ಟು ಮರಿಗಳಿಗೆ ಆ ವಂಶವಾಹಿ ಬರುವುದೇ ಇಲ್ಲ. ಶುದ್ಧ ಹೇಂಟೆಯೆಂದು ನಂಬಿ ತಳಿ ಬೆಳೆಸಹೊರಟ ಸಾಕಣೆದಾರರಿಗೆ ನಷ್ಟ ತಿಳಿದುಬರುವುದು ಹೀಗೆ ಒಂದು ಪೀಳಿಗೆ ತಡವಾಗಿ.