ಮನೆಗಳು ಬರುವ ಮೊದಲೇ ಉಳಿದ ಕಾಡು

ನ್ಯೂಯಾರ್ಕ್ ನಗರದ ಪೂರ್ವಕ್ಕೆ, ಲಾಂಗ್ ಐಲೆಂಡಿನ ಫಾರ್ಮಿಂಗ್‌ಡೇಲ್ ಪಕ್ಕದಲ್ಲಿ ಬೆತ್‌ಪೇಜ್ ಎಂಬ ಸರ್ಕಾರಿ ಉದ್ಯಾನವಿದೆ. ಅದರೊಳಗಿನ ಐದು ಗಾಲ್ಫ್ ಕೋರ್ಸುಗಳಲ್ಲಿ ‘ಬ್ಲ್ಯಾಕ್’ ಹೆಸರಾದದ್ದು 2002ರ ಯು.ಎಸ್. ಓಪನ್‌ನಿಂದ. ಸರ್ಕಾರವೇ ಒಡೆತನ ಹೊಂದಿ, ತಾನೇ ನಡೆಸುವ ಕೋರ್ಸಿನಲ್ಲಿ ಆ ಪಂದ್ಯಾವಳಿ ನಡೆದದ್ದು ಅದೇ ಮೊದಲು. ಬ್ಲ್ಯಾಕನ್ನು ರೂಪಿಸಿದ್ದು ಕೋರ್ಸು ವಿನ್ಯಾಸಕ ಎ. ಡಬ್ಲ್ಯು. ಟಿಲಿಂಗ್‌ಹಾಸ್ಟೋ, ಉದ್ಯಾನದ ಮೇಲ್ವಿಚಾರಕ ಜೋಸೆಫ್ ಬರ್ಬೆಕ್ಕೋ ಎಂಬ ಚರ್ಚೆ ಆಮೇಲೆ ಬಹಳ ಬೆಳೆಯಿತು. ಈ ಜಾಗದ ಚರಿತ್ರೆಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಜಮೀನು ಯಾರ ಕೈಗೆ, ಯಾವಾಗ ಬಂತು ಎಂಬುದು.

1912ರ ಹೊತ್ತಿಗೆ ಬೆಂಜಮಿನ್ ಯೋಕಮ್ ಎಂಬ ರೈಲ್ವೆ ಉದ್ಯಮಿ ಇಲ್ಲಿ ಸಾವಿರಕ್ಕೂ ಹೆಚ್ಚು ಎಕರೆ ಕೊಂಡಿದ್ದ. 1923ರಲ್ಲಿ ಅಲ್ಲಿ ಲೆನಾಕ್ಸ್ ಹಿಲ್ಸ್ ಎಂಬ ಖಾಸಗಿ ಕ್ಲಬ್ಬು ಶುರುವಾಯಿತು. ಆರ್ಥಿಕ ಮಹಾಕುಸಿತ ಬಂದಾಗ, ಉದ್ಯಾನಗಳ ಆಡಳಿತ ಹಿಡಿದಿದ್ದ ರಾಬರ್ಟ್ ಮೋಸೆಸ್ ಆ ಆಸ್ತಿಯನ್ನು ಸಾರ್ವಜನಿಕ ಉದ್ಯಾನವಾಗಿಸಿದರು. ಕ್ಲಬ್ಬಿನ ಹಳೆಯ ಕೋರ್ಸು ‘ಗ್ರೀನ್’ ಆಯಿತು. ಪರಿಹಾರ ಕಾಮಗಾರಿಯ ಕೂಲಿ ಪಡೆದ ನಿರುದ್ಯೋಗಿಗಳು ಏರಿಳಿತದ ಕಾಡುನೆಲದಲ್ಲಿ ಹೊಸ ಕೋರ್ಸುಗಳನ್ನು ಕಡಿದು ತೆರೆದರು. ಬ್ಲ್ಯಾಕ್ 1936ರಲ್ಲಿ ಆಟಕ್ಕೆ ಸಿದ್ಧವಾಯಿತು. ಹನ್ನೊಂದು ವರ್ಷ ಕಳೆದು, 1947ರಲ್ಲಿ, ಕೆಲವೇ ಮೈಲಿ ದೂರದ ಆಲೂಗಡ್ಡೆ ಹೊಲಗಳಲ್ಲಿ ಲೆವಿಟೌನ್ ಎಂಬ ಬಡಾವಣೆ ಎದ್ದಿತು. ನಾಲ್ಕೈದು ವರ್ಷಗಳಲ್ಲಿ ಅಲ್ಲಿ 17,000ಕ್ಕೂ ಹೆಚ್ಚು ಮನೆಗಳು. ಬಡಾವಣೆಗಳು ಸುತ್ತಲಿನ ನೆಲವನ್ನೆಲ್ಲ ನುಂಗುವಾಗ ಬೆತ್‌ಪೇಜಿನ ಕಾಡು ಉಳಿದದ್ದು ಅದು ಆಗಲೇ ಮಾರಾಟಕ್ಕಿಲ್ಲದ ಜಮೀನಾಗಿದ್ದರಿಂದ. ಹತ್ತು ವರ್ಷ ತಡವಾಗಿದ್ದರೆ ಅಷ್ಟು ನೆಲವನ್ನು ಕೊಳ್ಳುವ ಶಕ್ತಿ ಯಾವ ಉದ್ಯಾನ ಇಲಾಖೆಗೂ ಇರುತ್ತಿರಲಿಲ್ಲ ಎಂದೇ ನನ್ನ ಎಣಿಕೆ.

ಕೆಲವರ ಆಟಕ್ಕಾಗಿ ಇಷ್ಟು ಜಾಗವೇ ಎಂಬ ಆಕ್ಷೇಪ ಸಹಜ. ಕೋರ್ಸುಗಳಿಗಾಗಿ ಮರ ಬಿದ್ದದ್ದೂ ನಿಜ. ಆದರೆ ಇಲ್ಲಿ ಸದಸ್ಯತ್ವವಿಲ್ಲ. ರಾಜ್ಯದ ನಿವಾಸಿಗಳಿಗೆ ಶುಲ್ಕ ಕಡಿಮೆ. ಬ್ಲ್ಯಾಕ್‌ನಲ್ಲಿ ಆಡಲು ರಾತ್ರಿಯಿಡೀ ಕಾರಿನಲ್ಲೇ ಮಲಗಿ ಬೆಳಗಿನ ಸರದಿ ಹಿಡಿಯುವುದು ಅಲ್ಲಿ ಹಳೆಯ ರೂಢಿ. ದಾಂಡು ಮುಟ್ಟದವರಿಗೂ ಕಾಲುದಾರಿಗಳಿವೆ: ಮಸಾಪಿಕ್ವಾದಿಂದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ವರೆಗಿನ ಚಾರಣದ ಹಾದಿ ಇದೇ ಮರಗಳ ನಡುವೆ ಹಾಯುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ರಸ್ತೆಯದು. ಮೋಸೆಸ್ ಕಟ್ಟಿಸಿದ ಪಾರ್ಕ್‌ವೇ ಎಂಬ ಕಾರು ರಸ್ತೆಗಳಲ್ಲಿ ಬಸ್ಸುಗಳಿಗೆ ಪ್ರವೇಶವಿರಲಿಲ್ಲ. ಆ ರಸ್ತೆಗಳ ಮೇಲಿನ ತಗ್ಗಾದ ಸೇತುವೆಗಳನ್ನು ಬಡವರನ್ನು ದೂರವಿಡಲೆಂದೇ ಕಟ್ಟಲಾಯಿತೇ ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ, ಆದರೆ ಕಾರಿಲ್ಲದವನಿಗೆ ದಾರಿ ಕಷ್ಟವಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಲೆವಿಟೌನ್ ಮೊದಲಿಗೆ ಕರಿಯರಿಗೆ ಮನೆಯನ್ನೇ ಕೊಡಲಿಲ್ಲ. ಹಾಗಾಗಿ ಎಲ್ಲರ ಹಣದಲ್ಲಿ ಎದ್ದ ಕೋರ್ಸಿನ ಅಕ್ಕಪಕ್ಕದಲ್ಲಿ ನೆಲೆಸುವ ಅವಕಾಶ ಎಲ್ಲರಿಗೂ ಇರಲಿಲ್ಲ. ಈ ಅನ್ಯಾಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಅದು ರಸ್ತೆ ಮತ್ತು ವಸತಿಯ ನೀತಿಯಲ್ಲಿದ್ದ ಅನ್ಯಾಯ. ಅದನ್ನು ಕಾನೂನಿನಿಂದ ತಡವಾಗಿಯಾದರೂ ತಿದ್ದಬಹುದಿತ್ತು. ಲೆನಾಕ್ಸ್ ಹಿಲ್ಸ್ ಕ್ಲಬ್ಬಾಗಿಯೇ ಉಳಿದಿದ್ದರೆ, ಅಥವಾ ನಿವೇಶನಗಳಾಗಿ ಹಂಚಿಹೋಗಿದ್ದರೆ, ಆಮೇಲೆ ಬಂದವರು ಪಾಲು ಕೇಳಲು ಅಲ್ಲಿ ಸಾರ್ವಜನಿಕ ನೆಲವೇ ಇರುತ್ತಿರಲಿಲ್ಲ.