ಹರಾಜು ಕಟ್ಟೆ ಬದಲಾಯಿಸಿದವರ ಕತೆ

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯೋ ನಮಗೆ ಇದು ಗೊತ್ತಿರೋದೇ: ಬೆಳೆಯೋದು ಒಂದು ಕಷ್ಟ, ಅದನ್ನ ಯಾರ ಮುಂದೆ ಹರಾಜಿಗೆ ಇಡ್ತೀವಿ ಅನ್ನೋದು ಇನ್ನೊಂದು ಕಷ್ಟ. ಇವತ್ತು ಇಂಡೋನೇಷ್ಯಾದ ಹೊಗೆಸೊಪ್ಪಿನ ಕತೆ ಬರೀತೀನಿ.

ಆ ದೇಶವನ್ನ ಆಳಿದವರು ಡಚ್ಚರು. 1830ರಿಂದ ಜಾವಾದ ಹಳ್ಳಿಗಳು ತಮ್ಮ ಜಮೀನಿನ ಐದನೇ ಒಂದು ಪಾಲಿನಲ್ಲಿ ಸರ್ಕಾರ ಹೇಳಿದ ಕಬ್ಬು, ನೀಲಿ ಇಂಥ ಬೆಳೆಯನ್ನೇ ಇಡಬೇಕು ಅಂತ ಕಟ್ಟಳೆ ಮಾಡಿದ್ರು. ಎಷ್ಟೋ ಕಡೆ ಅದಕ್ಕಿಂತ ಜಾಸ್ತೀನೇ ಹೋಯ್ತು. ಆ ದುಡ್ಡಲ್ಲಿ ಹಾಲೆಂಡಿನಲ್ಲಿ ರೈಲು ದಾರಿ ಆದವು. ಸುಮಾತ್ರಾದ ಡೆಲಿ ಸೀಮೆಯಲ್ಲಿ 1863ರಿಂದ ಹೊಗೆಸೊಪ್ಪಿನ ಎಸ್ಟೇಟ್ ಶುರುವಾದವು. ಸಿಗಾರಿನ ಮೇಲೆ ಸುತ್ತೋ ತೆಳ್ಳನೆ ಎಲೆ ಅದು, ಲೋಕಕ್ಕೆಲ್ಲ ಹೆಸರಾಗಿತ್ತು. ಕರಾರಿನ ಕೂಲಿಯವನು ಕೆಲಸ ಬಿಟ್ಟು ಓಡಿದ್ರೆ ಜೈಲು. ಬೆಳೆ ಸುಮಾತ್ರಾದ್ದು, ಹರಾಜು ಮಾತ್ರ ಆಮ್‌ಸ್ಟರ್‌ಡ್ಯಾಮಿನಲ್ಲಿ.

1949ರಲ್ಲಿ ಡಚ್ಚರು ಸ್ವಾತಂತ್ರ್ಯ ಒಪ್ಪಿಕೊಂಡ್ರು. ಆದ್ರೆ ಸುಮಾರು 430 ಕೋಟಿ ಗಿಲ್ಡರ್ ಸಾಲವನ್ನ ಹೊಸ ಸರ್ಕಾರದ ತಲೆಗೇ ಕಟ್ಟಿದ್ರು. ಎಸ್ಟೇಟು, ಬ್ಯಾಂಕು, ದ್ವೀಪದಿಂದ ದ್ವೀಪಕ್ಕೆ ಓಡಾಡೋ ಹಡಗು ಎಲ್ಲ ಡಚ್ ಕಂಪನಿಗಳ ಕೈಯಲ್ಲೇ ಉಳೀತು. ಪಶ್ಚಿಮ ನ್ಯೂಗಿನಿಯನ್ನೂ ಬಿಟ್ಟುಕೊಡಲಿಲ್ಲ. 1957ರಲ್ಲಿ ಆ ವಿಷಯಕ್ಕೆ ವಿಶ್ವಸಂಸ್ಥೆಯಲ್ಲಿ ಬೇಕಾದಷ್ಟು ಮತ ಸಿಗದೇ ಹೋದಾಗ ಕಾರ್ಮಿಕರು ಡಚ್ ಕಂಪನಿಗಳಿಗೆ ನುಗ್ಗಿದ್ರು. 1958ರಲ್ಲಿ ಸರ್ಕಾರ ಕಾನೂನು ಮಾಡಿ ಅವನ್ನ ವಶಕ್ಕೆ ತಗೊಂಡಿತು. ಬ್ರಿಟಿಷರ, ಅಮೆರಿಕದವರ ಎಸ್ಟೇಟ್ ಆಗ ಮುಟ್ಟಲಿಲ್ಲ. ಡಚ್ಚರದ್ದು ಮಾತ್ರ.

ಆಮೇಲೆ ಹರಾಜನ್ನ ಜರ್ಮನಿಯ ಬ್ರೆಮೆನ್ ಊರಿಗೆ ಸಾಗಿಸಿದ್ರು. ಡಚ್ ಕಂಪನಿಗಳು ಬಿಡ್ತಾವಾ? ಸೊಪ್ಪು ನಮ್ಮದು, ನಮ್ಮನ್ನ ಮಾತ್ರ ಹಿಡಿದು ಭೇದ ಮಾಡಿದ್ದಾರೆ ಅಂತ ಅಲ್ಲಿನ ಕೋರ್ಟಿಗೆ ಹೋದ್ರು. 1959ರ ಆಗಸ್ಟಿನಲ್ಲಿ ಬ್ರೆಮೆನ್ನಿನ ಮೇಲ್ಮನವಿ ಕೋರ್ಟು ಒಪ್ಪಲಿಲ್ಲ. ಅದು ಹೇಳಿದ್ದರ ಸಾರ ಇಷ್ಟು: ಸಮಾನತೆ ಅಂದ್ರೆ ಸರಿಸಮ ಇರೋರನ್ನ ಸಮವಾಗಿ ನೋಡೋದು. ಆಳಿಸಿಕೊಂಡವರಿಗೂ ಆಳಿದವರಿಗೂ ಇರೋ ಸಂಬಂಧ ಬೇರೆ, ಇತರ ದೇಶಗಳ ಜೊತೆಗಿನ ಸಂಬಂಧ ಬೇರೆ.

ನನಗೆ ಈ ಮಾತು ಸರಿ ಅನ್ನಿಸ್ತದೆ. ನೂರಾರು ವರ್ಷ ಬೇಲಿ ಹಾಕಿಕೊಂಡು ಒಬ್ಬನೇ ಮೇಯ್ದವನು, ಬೇಲಿ ಕಿತ್ತ ದಿನ 'ಎಲ್ಲರೂ ಒಂದೇ ಅಲ್ವಾ' ಅಂದ್ರೆ ನಗು ಬರ್ತದೆ. ಭೇದ ಅವನೇ ಶುರು ಮಾಡಿದ್ದು.

ಆದ್ರೆ ಪುಕ್ಕಟೆ ಏನೂ ಆಗಲಿಲ್ಲ. ಡಚ್ ಹಡಗುಗಳು ಹೊರಟುಹೋಗಿ ದ್ವೀಪಗಳ ನಡುವೆ ಸರಕು ಸಾಗೋದೇ ಕಷ್ಟವಾಯ್ತು. ಎಸ್ಟೇಟಿನ ಉಸ್ತುವಾರಿಗೆ ಮಿಲಿಟರಿ ಅಧಿಕಾರಿಗಳು ಬಂದು ಕೂತರು. ಹಳೇ ಧಣಿ ಹೋದ, ಜಮೀನೇನೂ ಕೂಲಿಯವನ ಹೆಸರಿಗೆ ಬರಲಿಲ್ಲ.

ಅದಕ್ಕೇ ನನ್ನ ಲೆಕ್ಕ ಇದು: ಹಳೇ ಆಳರಸರ ವ್ಯಾಪಾರವನ್ನ ಬೇರೆಯಾಗಿ ನೋಡೋದು ತಪ್ಪಲ್ಲ. ಆದ್ರೆ ಮೊದಲು ಹಡಗು ನೋಡ್ಕೋಬೇಕು, ಆಮೇಲೆ ಬರೋ ಧಣಿ ಯಾರು ಅಂತಾನೂ ಕೇಳಬೇಕು. ನಿಮ್ಮ ಅಭಿಪ್ರಾಯ ಬೇರೆ ಇದ್ರೆ ಬ್ಯಾರನ್ ಹತ್ರ ಸಿಕ್ಕಾಗ ಹೇಳಿ, ಮಾತಾಡೋಣ.